ಹತ್ತೊಂಬತ್ತನೇ ಗೇಟು: ತುಂಗಭದ್ರಾ ಅಣೆಕಟ್ಟಿನ ಒಂದು ವಾರದ ಪ್ರಕರಣ ಅಧ್ಯಯನ

2024ರ ಆಗಸ್ಟ್ 10, ಶನಿವಾರ. ರಾತ್ರಿ ಸುಮಾರು 11 ಗಂಟೆಗೆ ಹೊಸಪೇಟೆ ಪಕ್ಕದ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್‌ಗೇಟಿನ, ಅಂದರೆ ಕೋಡಿಯ ಮೇಲಿನ ಉಕ್ಕಿನ ಬಾಗಿಲಿನ, ಚೈನ್ ಲಿಂಕ್ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಆಗ ಜಲಾಶಯ ಪೂರ್ತಿ ತುಂಬಿತ್ತು. ಮಟ್ಟ 1,633 ಅಡಿ, ಸಂಗ್ರಹ 105.78 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆಗಸ್ಟ್ 17ರಂದು ಆ ಕಿಂಡಿಗೆ ತಾತ್ಕಾಲಿಕ ತಡೆ ಪೂರ್ತಿಯಾಗುವ ಹೊತ್ತಿಗೆ ಉಳಿದಿದ್ದು ಸುಮಾರು 70 ಟಿಎಂಸಿ.

ಈ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಆರು ದಶಕಕ್ಕೂ ಹೆಚ್ಚು ಕಾಲ ಹೂಳು ತುಂಬುತ್ತಾ ಬಂದು ಈಗ 105.788ಕ್ಕೆ ಇಳಿದಿದೆ. ಅಂದರೆ ಹೂಳು ನುಂಗಿದ್ದು ಸುಮಾರು 27 ಟಿಎಂಸಿ. ಅದಕ್ಕಿಂತ ಹೆಚ್ಚು ನೀರು ಒಂದೇ ವಾರದಲ್ಲಿ ಒಂದು ಗೇಟಿನ ದೆಸೆಯಿಂದ ಹೊರಟುಹೋಯಿತು. ಹೂಳಿನ ಬಗ್ಗೆ ಈ ಭಾಗದಲ್ಲಿ ಎಷ್ಟು ಸಭೆ, ಎಷ್ಟು ಹೋರಾಟ, ಎಷ್ಟು ಯೋಜನೆ ನಡೆದಿವೆಯೋ ಅದರ ಒಂದು ಪಾಲೂ ಗೇಟುಗಳ ಬಗ್ಗೆ ನಡೆದಿರಲಿಲ್ಲ. ಎಪ್ಪತ್ತು ವರ್ಷ ನೀರಲ್ಲಿ ನಿಂತ ಉಕ್ಕು ಎಂದಾದರೂ ಸೋಲುತ್ತದೆ, ಅದನ್ನು ಒಪ್ಪಬಹುದು. ಸೋತ ದಿನ ಕಿಂಡಿಯನ್ನು ಮುಚ್ಚಲು ಕೈಯಲ್ಲಿ ಏನೂ ಇಲ್ಲದಿದ್ದುದೇ ಈ ಪ್ರಕರಣದ ತಿರುಳು.

ಎರಡು ದಡ, ಎರಡು ಸರ್ಕಾರ

ಈ ಹೊಳೆಗೆ ಅಡ್ಡಗಟ್ಟುವುದು ಹೊಸ ಕೆಲಸವೇನಲ್ಲ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಹೊಳೆಯಾದ ಮೇಲೆ ಬಯಲುಸೀಮೆಗೆ ಇಳಿದು ಹಂಪಿಯ ಬಂಡೆಗಳ ನಡುವೆ ನುಗ್ಗುತ್ತದೆ. ವಿಜಯನಗರದ ಅರಸರು ಇದೇ ಬಂಡೆಗಳನ್ನು ಬಳಸಿಕೊಂಡು ಅಣೆಗಳನ್ನು ಕಟ್ಟಿಸಿ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳನ್ನು ಹರಿಸಿದರು. ಆ ಅಣೆಗಳಿಗೆ ಗೇಟು ಇರಲಿಲ್ಲ. ಹೆಬ್ಬಂಡೆಗಳ ಸಾಲು ನೀರನ್ನು ಒಂದಿಷ್ಟು ಎತ್ತರಕ್ಕೆ ತಡೆದು ಕಾಲುವೆಯ ಬಾಯಿಗೆ ತಿರುಗಿಸುತ್ತಿತ್ತು, ಪ್ರವಾಹ ಅದರ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. ಕಲ್ಲು ಕಿತ್ತುಹೋದರೆ ಹೊಳೆ ಇಳಿದ ಮೇಲೆ ಮತ್ತೆ ಕಲ್ಲು ಇಟ್ಟರಾಯಿತು. ಆದರೆ ಅಣೆ ನೀರನ್ನು ಕೂಡಿಡಲಾರದು. ಹೊಳೆಯಲ್ಲಿ ಹರಿವಿದ್ದರಷ್ಟೇ ಕಾಲುವೆಯಲ್ಲಿ ನೀರು. ಹಾಗಾಗಿ ದಡದಂಚಿನ ಕಬ್ಬು, ಬಾಳೆ, ಭತ್ತದ ಪಟ್ಟಿಯೊಂದನ್ನು ಬಿಟ್ಟರೆ ಬಳ್ಳಾರಿ, ರಾಯಚೂರು, ಅನಂತಪುರದ ಒಣನೆಲಕ್ಕೆ ಅದರಿಂದ ಪ್ರಯೋಜನವಿರಲಿಲ್ಲ. 1876–78ರ ಭೀಕರ ಬರ ಈ ಸೀಮೆಯನ್ನು ಹೇಗೆ ಹಿಂಡಿತೆಂಬುದು ಗೊತ್ತಿರುವ ವಿಷಯವೇ.

ದೊಡ್ಡ ಜಲಾಶಯದ ಆಲೋಚನೆ 1860ರ ಸುಮಾರಿಗೆ ಆರ್ಥರ್ ಕಾಟನ್ ಕಾಲದಿಂದ ಇತ್ತು. ಹೊಳೆಯ ಬಲದಂಡೆ ಮದರಾಸಿನದು, ಎಡದಂಡೆ ಹೈದರಾಬಾದ್ ನಿಜಾಮರದು. ಮೇಲೆ ಮೈಸೂರು ಸಂಸ್ಥಾನ. ನೀರು ಹಂಚಿಕೆ ಕೂಡಿಬರಲು ಎಂಟು ದಶಕ ಹಿಡಿಯಿತು. 1944ರಲ್ಲಿ ಮದರಾಸು ಮತ್ತು ಹೈದರಾಬಾದ್ ಒಪ್ಪಂದಕ್ಕೆ ಬಂದವು. 1945ರ ಫೆಬ್ರವರಿ 28ರಂದು ಎರಡೂ ದಡದಲ್ಲಿ ಬೇರೆ ಬೇರೆಯಾಗಿ ಶಂಕುಸ್ಥಾಪನೆಯಾಯಿತು, ಒಂದು ಕಡೆ ಮದರಾಸಿನ ಗವರ್ನರ್, ಇನ್ನೊಂದು ಕಡೆ ನಿಜಾಮರ ಮಗ, ಬೇರಾರಿನ ರಾಜಕುಮಾರ. ಮದರಾಸಿನ ಪರ ಹೊಣೆ ಹೊತ್ತ ಎಂಜಿನಿಯರ್ ತಿರುಮಲೆ ಅಯ್ಯಂಗಾರ್. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲುಗೋಡೆ ಎದ್ದಿತು. 1953ರ ಜುಲೈ 1ರಂದು ಕಾಲುವೆಗೆ ನೀರು ಬಿಟ್ಟರು.

ಸುಮಾರು 378 ಚದರ ಕಿ.ಮೀ. ನೆಲ ಮುಳುಗಿತು. ತೊಂಬತ್ತರಷ್ಟು ಹಳ್ಳಿಗಳ ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಬೇರೆ ಕಡೆ ಹೋದರು. ನಾರಾಯಣದೇವರಕೆರೆಯಂಥ ವ್ಯಾಪಾರದ ಊರು ನೀರಿನಡಿ ಸೇರಿತು. ಕೃಷ್ಣದೇವರಾಯನ ಕಾಲದ ವಲ್ಲಭಾಪುರ ಅಣೆಯೂ ಮುಳುಗಿದ್ದರಿಂದ ಬಸವಣ್ಣ ಕಾಲುವೆಗೆ ಜಲಾಶಯದಿಂದಲೇ ತೂಬು ಕೊಡಬೇಕಾಯಿತು. ಅಷ್ಟು ಜನ ನೆಲ ಬಿಟ್ಟುಕೊಟ್ಟು ಕೂಡಿಸಿದ ನೀರು ಇದು ಎಂಬುದನ್ನು ಗೇಟಿನ ಲೆಕ್ಕ ಹಾಕುವಾಗಲೂ ಮರೆಯಬಾರದು.

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಬೇರೆಯಾಗಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಬಂತು. ಕಟ್ಟಿದ್ದ ಎರಡು ಸರ್ಕಾರಗಳಲ್ಲಿ ಮದರಾಸು ಈ ದಡದಲ್ಲಿ ಇಲ್ಲದಂತಾಯಿತು, 1956ರಲ್ಲಿ ಹೈದರಾಬಾದ್ ರಾಜ್ಯವೂ ಹೋಯಿತು. ಅಣೆಕಟ್ಟನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ರಚನೆಯಾಯಿತು. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಇಲ್ಲಿಗೆ ಗೊತ್ತುಮಾಡಿದ್ದು 230 ಟಿಎಂಸಿ. ಅದರಲ್ಲಿ 18 ಆವಿಗೆ ಬಿಟ್ಟು ಉಳಿದ 212ರಲ್ಲಿ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 66.5, ಈಗಿನ ತೆಲಂಗಾಣದ ಪಾಲಿನ ರಾಜೋಳಿಬಂಡಾ ಕಾಲುವೆಗೆ 6.51. ಖರ್ಚೂ ರಾಜ್ಯಗಳ ನಡುವೆ ಹಂಚಿಕೆ. ಮೂರು ರಾಜ್ಯಗಳಿಗೆ ಸೇರಿದ ಗೇಟಿನ ದೊಡ್ಡ ದುರಸ್ತಿ ಎಂದರೆ ಮೂರು ಕಡೆಯ ಒಪ್ಪಿಗೆ, ಮೂರು ಕಡೆಯ ಹಣ. ನೀರಿನ ಪಾಲಿಗೆ ಜಗಳವಾಡುವಷ್ಟು ಹುರುಪು ಬಣ್ಣ, ಗ್ರೀಸು, ಚೈನಿನ ಪಾಲಿಗೆ ಯಾರಿಗೂ ಬರುವುದಿಲ್ಲ.

ಗೇಟಿನ ಮೇಲೆ ನಿಂತ ನೀರು ಎಷ್ಟು

ಅಣೆಕಟ್ಟಿನ ನಡುಭಾಗದಲ್ಲಿ ಸುಮಾರು 700 ಮೀಟರ್ ಉದ್ದದ ಕೋಡಿ ಇದೆ. ಅದರಲ್ಲಿ 33 ಕಿಂಡಿ, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಕೋಡಿಯ ಕಲ್ಲಿನ ನೆತ್ತಿ, ಅಂದರೆ ಕ್ರೆಸ್ಟ್, 1,613 ಅಡಿ ಮಟ್ಟದಲ್ಲಿದೆ. ಅಲ್ಲಿಂದ 1,633ರವರೆಗಿನ ಇಪ್ಪತ್ತು ಅಡಿ ನೀರನ್ನು ಕೋಡಿಯ ಉದ್ದಕ್ಕೂ ಹಿಡಿದು ನಿಲ್ಲಿಸಿರುವುದು ಉಕ್ಕಿನ ಗೇಟುಗಳು ಮಾತ್ರ.

ಮೇಲ್ಮಟ್ಟದಲ್ಲಿ ಜಲಾಶಯ ಹರಡಿಕೊಂಡಿರುವುದರಿಂದ ತುದಿಯ ಒಂದೊಂದು ಅಡಿಯೂ ಹೆಚ್ಚುಕಡಿಮೆ 4 ಟಿಎಂಸಿ. ಕೆಳಕ್ಕೆ ಹೋದಂತೆ ಇದು ಕಡಿಮೆಯಾಗುತ್ತದೆ. ಒಟ್ಟಾರೆ ಆ ಇಪ್ಪತ್ತು ಅಡಿಯಲ್ಲಿ 60 ಟಿಎಂಸಿಗೂ ಹೆಚ್ಚು ನೀರಿದೆ. ತುಂಬಿದ ಜಲಾಶಯದ ಅರ್ಧಕ್ಕಿಂತ ಹೆಚ್ಚು ನೀರು ಗೇಟುಗಳ ಭರವಸೆಯ ಮೇಲೆ ನಿಂತಿದೆ ಎಂದಾಯಿತು. ತಳಭಾಗದ ಸಂಗ್ರಹವನ್ನು ಹೂಳು ತಿನ್ನುತ್ತಾ ಬಂದಂತೆ ಗೇಟು ಹಿಡಿದಿರುವ ನೀರಿನ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿದೆ. ಗೇಟು ಹಳತಾದಷ್ಟೂ ಅದರ ಮೇಲಿನ ಅವಲಂಬನೆ ಬೆಳೆದದ್ದು ಈ ಅಣೆಕಟ್ಟಿನ ಚರಿತ್ರೆಯಲ್ಲಿ ಗಮನಕ್ಕೆ ಬಾರದೇ ಹೋದ ಸಂಗತಿ.

ಒಂದು ಗೇಟಿನ ಮೇಲಿನ ಒತ್ತಡವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ನೀರಿನ ಆಳ 6.1 ಮೀಟರ್, ಅಗಲ 18.29 ಮೀಟರ್. ಆಳದ ವರ್ಗದ ಅರ್ಧವನ್ನು ಅಗಲದಿಂದ ಗುಣಿಸಿದರೆ ಸುಮಾರು 340 ಟನ್. ಈ ಭಾರ ಗೇಟಿನ ಮುಖದ ತಗಡಿನಿಂದ ಅಡ್ಡ ತೊಲೆಗಳಿಗೆ, ತೊಲೆಗಳಿಂದ ಎರಡೂ ಬದಿಯ ಚಕ್ರಗಳಿಗೆ, ಚಕ್ರಗಳಿಂದ ಕಂಬಗಳಲ್ಲಿರುವ ಗಾಡಿಗಳಿಗೆ, ಅಂದರೆ ಗೇಟು ಏರಿ ಇಳಿಯುವ ಉದ್ದನೆಯ ತೋಡುಗಳಿಗೆ, ಹೋಗುತ್ತದೆ. ಚೈನಿನ ಮೇಲೆ ಈ 340 ಟನ್ ಬೀಳುವುದಿಲ್ಲ. ಚೈನು ಹೊರುವುದು ಗೇಟಿನ ಸ್ವಂತ ತೂಕ, ಚಕ್ರ ಮತ್ತು ರಬ್ಬರ್ ಸೀಲಿನ ಘರ್ಷಣೆ, ಗೇಟು ಅರ್ಧ ತೆರೆದಾಗ ಅಡಿಯಲ್ಲಿ ನುಗ್ಗುವ ನೀರು ಕೆಳಕ್ಕೆ ಸೆಳೆಯುವ ಬಲ. ಇಲ್ಲಿನ ಗೇಟುಗಳಿಗೆ ಎದುರುತೂಕವೂ ಇರುವುದರಿಂದ ಮೋಟಾರಿಗೆ ಕೆಲಸ ಹಗುರ. ಆದರೆ ಚೈನಿಗೆ ಬಿಡುವಿಲ್ಲ. ಗೇಟು ಎತ್ತಿದ್ದರೂ ಇಳಿಸಿದ್ದರೂ ಅದು ಬಿಗಿಯಾಗಿಯೇ ಇರುತ್ತದೆ.

ಇಂಥ ಚೈನು ಸೋಲುವ ಬಗೆ ಹಳೆ ಗೇಟುಗಳ ನಿರ್ವಹಣೆ ಮಾಡಿದವರಿಗೆ ಪರಿಚಿತ. ನೀರು ಏರಿ ಇಳಿಯುವ ಮಟ್ಟದಲ್ಲಿ, ಒಮ್ಮೆ ಒದ್ದೆ ಒಮ್ಮೆ ಒಣಗುವ ಭಾಗದಲ್ಲಿ, ತುಕ್ಕು ಎಲ್ಲಕ್ಕಿಂತ ವೇಗ. ಹೊರಗೆ ಗ್ರೀಸು ಬಳಿದರೆ ನೋಡಲು ಚೆನ್ನ, ಆದರೆ ಅದು ಪಿನ್ನು ಮತ್ತು ಲಿಂಕಿನ ನಡುವಿನ ಸಂದಿಗೆ ಇಳಿಯುವುದಿಲ್ಲ. ಒಳಗೆ ತುಕ್ಕು ಹಿಡಿದು ಪಿನ್ನು ಬಿಗಿದುಕೊಳ್ಳುತ್ತದೆ. ಬಿಗಿದ ಲಿಂಕು ಹಲ್ಲುಚಕ್ರದ ಮೇಲೆ ಬರುವಾಗ ತಿರುಗಬೇಕಾದ ಕಡೆ ಬಾಗುತ್ತದೆ. ಎಳೆತಕ್ಕೆಂದು ಮಾಡಿದ ಉಕ್ಕಿಗೆ ಪ್ರತಿ ಸಲವೂ ಬಾಗುವ ಒತ್ತಡ ಬಿದ್ದು ಕೂದಲೆಳೆಯ ಬಿರುಕು ಹುಟ್ಟುತ್ತದೆ, ಗೇಟು ಆಡಿದಂತೆಲ್ಲ ಅದು ಬೆಳೆಯುತ್ತದೆ. ಒಂದು ಬದಿಯ ಚಕ್ರ ಬಿಗಿಯಾಗಿ ಗೇಟು ಓರೆಯಾದರೆ ಆ ಬದಿಯ ಭಾರ ಏಕಾಏಕಿ ಹೆಚ್ಚುತ್ತದೆ. ಕೊನೆಗೆ ಒಂದೇ ಲಿಂಕು ತುಂಡಾದರೆ ಸಾಕು, ಗೇಟು ಗಾಡಿಯಲ್ಲಿ ಸೊಟ್ಟಗಾಗಿ ಹರಿವಿನ ಹೊಡೆತಕ್ಕೆ ಹೊರಬೀಳುತ್ತದೆ. ದುರ್ಬೀನು ಹಿಡಿದು ಮೇಲಿನಿಂದ ನೋಡುವ ತಪಾಸಣೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಚೈನನ್ನು ಬಿಚ್ಚಿ, ಪಿನ್ನು ಹೊರತೆಗೆದು, ಕ್ಯಾಲಿಪರ್‌ನಿಂದ ಸವೆತ ಅಳೆದು, ಬಣ್ಣದ ದ್ರವ ಅಥವಾ ಶ್ರವಣಾತೀತ ಅಲೆಯಿಂದ ಬಿರುಕು ಹುಡುಕಬೇಕು. ಹಾಗೆ ಬಿಚ್ಚಬೇಕಾದರೆ ಗೇಟಿನ ಮುಂದೆ ನೀರನ್ನು ತಡೆಯಲು ಇನ್ನೊಂದು ಏನಾದರೂ ಬೇಕು, ಇಲ್ಲವೇ ನೀರು ಕ್ರೆಸ್ಟಿನಿಂದ ಕೆಳಗಿಳಿಯುವ ಬೇಸಿಗೆಗೆ ಕಾಯಬೇಕು.

ಆ ಇನ್ನೊಂದು ಸಾಧನವೇ ಸ್ಟಾಪ್‌ಲಾಗ್, ಅಂದರೆ ತಡೆಹಲಗೆ. ಹಳೆ ಕಾಲದ ಅಂಗಡಿಗಳಲ್ಲಿ ಒಂದರ ಮೇಲೊಂದು ಹಲಗೆಯನ್ನು ಗಾಡಿಗೆ ಸೇರಿಸಿ ಬಾಗಿಲು ಮುಚ್ಚುತ್ತಿದ್ದರಲ್ಲ, ಹಾಗೆ. ಗೇಟಿನ ಮುಂದೆ ಕಂಬಗಳಲ್ಲಿ ಇನ್ನೊಂದು ಜೋಡಿ ಗಾಡಿ, ಅದಕ್ಕೆ ಇಳಿಸುವ ಉಕ್ಕಿನ ಹಲಗೆಗಳು, ಕೋಡಿಯ ಮೇಲೆ ಹಳಿಯಲ್ಲಿ ಓಡಾಡುವ ಗ್ಯಾಂಟ್ರಿ ಕ್ರೇನು. ಈಚಿನ ಅಣೆಕಟ್ಟುಗಳಲ್ಲಿ ಇದು ಸಾಮಾನ್ಯ. ಒಂದೆರಡು ಸೆಟ್ ಇದ್ದರೆ ಎಲ್ಲ ಕಿಂಡಿಗೂ ಸಾಕಾಗುತ್ತದೆ. ತುಂಗಭದ್ರೆಯ ವಿನ್ಯಾಸದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಆಗಿನ ಕಾಲದ ಪದ್ಧತಿಗೆ ಅದನ್ನು ತಪ್ಪೆನ್ನಲಾಗದು. ಆದರೆ ಗೇಟುಗಳಿಗೆ ಸಾಮಾನ್ಯವಾಗಿ ಹೇಳುವ 45–50 ವರ್ಷದ ಆಯುಸ್ಸು ಮುಗಿದು ಎರಡು ದಶಕ ಕಳೆದರೂ ಪರ್ಯಾಯ ಯೋಚಿಸದೇ ಇದ್ದದ್ದು ಆಮೇಲಿನವರ ಹೊಣೆ.

ಎಲ್ಲ ಗೇಟು ತೆರೆಯುವ ತೀರ್ಮಾನ

ಗೇಟು ಹೋದ ಕೂಡಲೇ ಹೊರಹರಿವು ಏರಿತು. ಕೋಡಿಯ ಒಟ್ಟು ಸಾಮರ್ಥ್ಯ 6.5 ಲಕ್ಷ ಕ್ಯುಸೆಕ್ (ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು). ಅದನ್ನು 33ರಿಂದ ಭಾಗಿಸಿದರೆ ತುಂಬಿದ ಮಟ್ಟದಲ್ಲಿ ಒಂದು ಕಿಂಡಿಯಿಂದ ಹರಿಯಬಲ್ಲದ್ದು ಹತ್ತಿರ ಹತ್ತಿರ 20 ಸಾವಿರ ಕ್ಯುಸೆಕ್. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಅಂದರೆ ಆ ಒಂದು ಕಿಂಡಿ ಮಾತ್ರ ತೆರೆದಿದ್ದರೆ ದಿನಕ್ಕೆ ಹೋಗುತ್ತಿದ್ದುದು ಸುಮಾರು 1.7 ಟಿಎಂಸಿ. ಆದರೂ ಎಲ್ಲ ಗೇಟುಗಳನ್ನೂ ತೆರೆದು ಹೊರಹರಿವನ್ನು ಒಂದು ಲಕ್ಷ ಕ್ಯುಸೆಕ್ ಮಟ್ಟಕ್ಕೆ ಏರಿಸಲಾಯಿತು. ‘ಒಂದು ಗೇಟು ಮುರಿದದ್ದಕ್ಕೆ ಇರುವ ನೀರನ್ನೆಲ್ಲ ಯಾಕೆ ಬಿಟ್ಟರು’ ಎಂದು ಗಂಗಾವತಿ, ಸಿಂಧನೂರು ಕಡೆಯ ರೈತರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಮೂರು ತೆರನಾದದ್ದು.

ಮೊದಲನೆಯದು, ಉಳಿದ 32 ಗೇಟುಗಳೂ ಅದೇ ವಯಸ್ಸಿನವು, ಅದೇ ಬಗೆಯ ಚೈನಿನವು. ಒಂದು ಹೋದ ರಾತ್ರಿ ಇನ್ನೊಂದರ ಮೇಲೆ ಪೂರ್ತಿ 340 ಟನ್ ಒತ್ತಡ ಬಿಟ್ಟು ಕೂರುವ ಧೈರ್ಯ ಯಾರಿಗೂ ಬರುವಂತಿಲ್ಲ. ಎರಡನೆಯದು, ಕೋಡಿಯ ಒಂದೇ ಕಿಂಡಿಯಿಂದ ನೀರು ಧುಮುಕುತ್ತಿದ್ದರೆ ಕೆಳಗಿನ ಹಾಸುಗಲ್ಲಿನ ಮೇಲೆ ಒಂದೇ ಕಡೆ ಹೊಡೆತ ಬಿದ್ದು, ಎರಡೂ ಬದಿಯಿಂದ ನೀರು ಸುತ್ತಿ ಬಂದು ಕೊರೆಯುತ್ತದೆ. ಸಾಲಾಗಿ ತೆರೆದರೆ ಹರಿವು ಹರಡಿಕೊಳ್ಳುತ್ತದೆ. ಮೂರನೆಯದೇ ಮುಖ್ಯ. ಮಟ್ಟ ಇಳಿಸದೆ ಆ ಕಿಂಡಿಯ ಬಳಿ ಯಾರೂ ಯಾವ ಕೆಲಸವನ್ನೂ ಮಾಡಲು ಸಾಧ್ಯವಿರಲಿಲ್ಲ. ತಡೆಹಲಗೆ ಇಲ್ಲದ ಅಣೆಕಟ್ಟಿನಲ್ಲಿ ದುರಸ್ತಿಗೆ ದಾರಿ ಮಾಡಿಕೊಡಬೇಕಾದದ್ದು ಕೂಡಿಟ್ಟ ನೀರೇ.

ಪ್ರಶ್ನೆ ಉಳಿದದ್ದು ಎಷ್ಟು ಇಳಿಸಬೇಕು ಎಂಬುದರಲ್ಲಿ. ಕ್ರೆಸ್ಟಿನವರೆಗೆ, ಅಂದರೆ 1,613 ಅಡಿಗೆ ಇಳಿಸಿದರೆ ಒಣ ಕಿಂಡಿಯಲ್ಲಿ ನೆಮ್ಮದಿಯಿಂದ ಗೇಟು ಕೂರಿಸಬಹುದು, ಆದರೆ 60 ಟಿಎಂಸಿಗೂ ಮಿಗಿಲಾಗಿ ಹೋಗುತ್ತದೆ. ಭತ್ತಕ್ಕೆ 1.2 ಮೀಟರ್ ನೀರು ಬೇಕೆಂದು ಹಿಡಿದರೆ, ಕಾಲುವೆಯ ಸೋರಿಕೆ ಕಳೆಯುವ ಮೊದಲು, ಒಂದು ಟಿಎಂಸಿಗೆ ಸುಮಾರು 5,800 ಎಕರೆ. ಅರವತ್ತು ಟಿಎಂಸಿ ಎಂದರೆ ಮೂರೂವರೆ ಲಕ್ಷ ಎಕರೆಯ ಮಾತು. ಆಗಸ್ಟ್ ನಡುವಿನಲ್ಲಿ ನಾಟಿ ಇನ್ನೂ ನಡೆಯುತ್ತಿರುತ್ತದೆ. ಅದಾದ ಮೇಲೆ ಮಳೆ ಬಾರದಿದ್ದರೆ ಮುಂಗಾರಿನ ಬೆಳೆಯೇ ಒಣಗುತ್ತದೆ, ಎರಡನೇ ಬೆಳೆಯ ಮಾತೇ ಇಲ್ಲ.

ಹರಿವ ನೀರಿಗೆ ಹಲಗೆ ಇಳಿಸಿದ ಬಗೆ

ಗೇಟುಗಳ ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಇನ್ನೊಂದು ದಾರಿ ಆರಿಸಿಕೊಂಡರು. ನೀರು ಪೂರ್ತಿ ಇಳಿಯುವವರೆಗೆ ಕಾಯದೆ, ಹರಿಯುತ್ತಿರುವಾಗಲೇ ಹಳೆಯ ಗೇಟಿನ ಗಾಡಿಯೊಳಕ್ಕೆ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸುವುದು. ಇಪ್ಪತ್ತು ಅಡಿ ಎತ್ತರವನ್ನು ಐದು ತುಂಡು ಮಾಡಿದರು. ಒಂದೊಂದು ಹಲಗೆ 60 ಅಡಿ ಉದ್ದ, 4 ಅಡಿ ಎತ್ತರ, ಹತ್ತು ಟನ್ನಿಗೂ ಹೆಚ್ಚು ತೂಕ. ಹೊಸಪೇಟೆ ಸುತ್ತಲಿನ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಮತ್ತು ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ಹಗಲು ರಾತ್ರಿ ಕೆಲಸ ನಡೆದು ಕೆಲವೇ ದಿನಗಳಲ್ಲಿ ಹಲಗೆ ಸಿದ್ಧವಾದವು. ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ, ಭಾರಿ ಕ್ರೇನು, ಅನುಭವಿ ವೆಲ್ಡರುಗಳು ಇದ್ದ ಊರಾದ್ದರಿಂದ ಇದು ಸಾಧ್ಯವಾಯಿತು. ಎಲ್ಲ ಅಣೆಕಟ್ಟಿಗೂ ಈ ಅನುಕೂಲ ಇರುವುದಿಲ್ಲ.

ನಾಲ್ಕಡಿಯ ತುಂಡೇ ಏಕೆ ಎಂಬುದನ್ನು ಅಂಕಿಗಳಲ್ಲೇ ನೋಡಬಹುದು. ತುಂಬಿದ ಮಟ್ಟದಲ್ಲಿ ಐದು ಹಲಗೆಗಳ ಮೇಲೆ ಬೀಳುವ ಒತ್ತಡ ಕೆಳಗಿನಿಂದ ಮೇಲಕ್ಕೆ ಸುಮಾರು 122, 95, 68, 41, 14 ಟನ್. ಒಟ್ಟು ಅದೇ 340. ಅಡಿಯ ಹಲಗೆಯದೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ನೀರು ಹತ್ತಡಿಯಷ್ಟು ಇಳಿದರೆ ಅದೇ ಅಡಿಯ ಹಲಗೆಯ ಮೇಲಿನ ಭಾರ ಅರ್ಧಕ್ಕಿಂತ ಕಡಿಮೆ, 55 ಟನ್ನಿನ ಆಸುಪಾಸು. ಕಿಂಡಿಯ ಹರಿವೂ 20 ಸಾವಿರದಿಂದ 7 ಸಾವಿರ ಕ್ಯುಸೆಕ್ಕಿನ ಹತ್ತಿರಕ್ಕೆ ಇಳಿಯುತ್ತದೆ, ಏಕೆಂದರೆ ಕೋಡಿಯ ಹರಿವು ಆಳದ ಒಂದೂವರೆ ಘಾತದಂತೆ ಬದಲಾಗುತ್ತದೆ. ಮೊದಲ ಕೆಲವು ಅಡಿ ಇಳಿದಾಗಲೇ ಹೆಚ್ಚಿನ ಲಾಭ ಸಿಗುತ್ತದೆ. ಉಳಿದ ಹತ್ತಡಿಯನ್ನು ಖಾಲಿ ಮಾಡದೇ ಉಳಿಸಿಕೊಳ್ಳಲು ನಿಂತ ಆಧಾರ ಇದು.

ಆದರೂ ಸುಲಭವಿರಲಿಲ್ಲ. ಹಲಗೆ ತನ್ನ ತೂಕದಿಂದಲೇ ಗಾಡಿಯಲ್ಲಿ ಕೆಳಗಿಳಿಯಬೇಕು. ಪಕ್ಕದಿಂದ ನೀರು ಒತ್ತಿದಷ್ಟೂ ಗಾಡಿಯಲ್ಲಿ ಘರ್ಷಣೆ ಹೆಚ್ಚು. ಐವತ್ತೈದು ಟನ್ ಒತ್ತಡಕ್ಕೆ ಘರ್ಷಣಾಂಕ 0.4 ಹಿಡಿದರೆ ಎದುರು ಬಲ 22 ಟನ್, ಹಲಗೆಯ ತೂಕಕ್ಕಿಂತ ಜಾಸ್ತಿ. ನೀರು ಮೇಲಿಂದ ಹರಿದುಹೋಗುತ್ತಿರುವಾಗ ಒತ್ತಡ ಇಷ್ಟು ಪೂರ್ತಿ ಬೀಳುವುದಿಲ್ಲ, ಹಾಗಾಗಿಯೇ ಹಲಗೆ ಇಳಿಯುತ್ತದೆ. ಆದರೆ ಅಂತರ ಕಿರಿದು. ಅರವತ್ತು ಅಡಿ ಉದ್ದದ ಹಲಗೆ ಒಂದು ತುದಿಯಲ್ಲಿ ಒಂದಿಂಚು ಮುಂದಾದರೂ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ನೀರಿನ ಸೆಳೆತಕ್ಕೆ ತೂಗಾಡುವ ಹಲಗೆಯನ್ನು ಕ್ರೇನುಗಳು ಮಟ್ಟಸವಾಗಿ ಹಿಡಿಯಬೇಕು. ಎಪ್ಪತ್ತು ವರ್ಷದ ಗಾಡಿಯ ಅಳತೆ ನಕ್ಷೆಯಲ್ಲಿದ್ದಂತೆಯೇ ಈಗಲೂ ಇದೆ ಎನ್ನುವಂತಿಲ್ಲ. ತುಕ್ಕು, ಗಾರೆಯ ಉಬ್ಬು, ಮುರಿದ ಗೇಟಿನ ಚೂರು ಎಲ್ಲವೂ ಅಡ್ಡ ಬರಬಹುದು. ಮೇಲೆ ಹಳೆಯ ಎದುರುತೂಕದ ವ್ಯವಸ್ಥೆಯೂ ಹಲಗೆ ಇಳಿಯುವ ದಾರಿಯಲ್ಲಿತ್ತು, ಅದನ್ನು ತೆರವು ಮಾಡಬೇಕಾಯಿತು.

ಮೊದಲ ಯತ್ನದಲ್ಲಿ ಹಲಗೆ ಕೂರಲಿಲ್ಲ. ಆಗಸ್ಟ್ 16ರ ಶುಕ್ರವಾರ ಸಂಜೆ ಮೊದಲನೆಯದು ಕ್ರೆಸ್ಟಿನ ಮೇಲೆ ಕೂತಿತು. ಆ ಸಾಲಿನಲ್ಲಿ ನಿಂತು ಕೆಲಸ ಮಾಡಿದವರು ಕೆಳಗೆ ಧುಮುಕುವ ನೀರಿನ ಅಬ್ಬರದಲ್ಲಿ, ಒಬ್ಬರ ಮಾತು ಒಬ್ಬರಿಗೆ ಕೇಳಿಸದಂಥ ಜಾಗದಲ್ಲಿ ದುಡಿದರು. ಅವರ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆ. ಮೊದಲನೆಯದು ಕೂತಮೇಲೆ ಗಾಡಿಯ ಅಳತೆ ಖಚಿತವಾಯಿತು, ಹರಿವೂ ನಾಲ್ಕಡಿ ತೆಳುವಾಯಿತು. ಶನಿವಾರ ಉಳಿದ ನಾಲ್ಕೂ ಸೇರಿ ಕಿಂಡಿ ಮುಚ್ಚಿತು. ಹಲಗೆಗಳ ಜೋಡಣೆಯ ಸಂದಿಯಲ್ಲಿ ಸೋರುವ ನೀರನ್ನು ತಡೆಯುವುದು ಆಮೇಲಿನ ಚಿಕ್ಕ ಕೆಲಸ.

ಕೆಳಗಿನ ಊರುಗಳು

ಒಂದು ಲಕ್ಷ ಕ್ಯುಸೆಕ್ ಈ ಹೊಳೆಗೆ ಹೊಸದಲ್ಲ. ಮುಂಗಾರಿನಲ್ಲಿ ಇದಕ್ಕಿಂತ ಹೆಚ್ಚು ಹರಿದದ್ದುಂಟು. ಆ ಮಟ್ಟಕ್ಕೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ವಿರೂಪಾಪುರ ಗಡ್ಡೆಯ ಓಡಾಟ ಕಷ್ಟವಾಗುತ್ತದೆ. ಇನ್ನೂ ಏರಿದರೆ ಗಂಗಾವತಿ–ಕಂಪ್ಲಿ ಸೇತುವೆ ಮುಚ್ಚಬೇಕಾಗುತ್ತದೆ. ವಾಡಿಕೆಯ ಪ್ರವಾಹಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಮುನ್ಸೂಚನೆಯದು. ಮಳೆಯ ಪ್ರವಾಹವಾದರೆ ಶಿವಮೊಗ್ಗ ಕಡೆಯ ಒಳಹರಿವು ನೋಡಿ ಒಂದೆರಡು ದಿನ ಮೊದಲೇ ಹೇಳಬಹುದು, ರೈತರು ಹೊಳೆಯಂಚಿನ ಪಂಪ್‌ಸೆಟ್ ಬಿಚ್ಚಿ ಮೇಲಿಡಲು ಸಮಯ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಚೈನು ತುಂಡಾದರೆ ಆ ಅವಕಾಶ ಇಲ್ಲ. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರಿನ ಹೊಳೆಸಾಲಿನ ಊರುಗಳಿಗೂ ಕೆಳಗೆ ಕರ್ನೂಲು ಜಿಲ್ಲೆಯ ಮಂತ್ರಾಲಯದ ಕಡೆಗೂ ಎಚ್ಚರಿಕೆ ಹೋಯಿತು. 2009ರ ಅಕ್ಟೋಬರ್ ಆರಂಭದ ನೆರೆಯಲ್ಲಿ ಮಂತ್ರಾಲಯ, ಕರ್ನೂಲು ಮುಳುಗಿದ್ದನ್ನು ಅಲ್ಲಿನವರು ಮರೆತಿಲ್ಲ. ರಾಜೋಳಿಬಂಡಾ, ಸುಂಕೇಸುಲ ಅಣೆಗಳನ್ನು ದಾಟಿ ಆ ನೀರು ಕೃಷ್ಣೆ ಸೇರಿ ಶ್ರೀಶೈಲಕ್ಕೆ ಹೋಯಿತು. ಕೃಷ್ಣೆಯೂ ತುಂಬಿ ಹರಿಯುತ್ತಿದ್ದ ಕಾಲವಾದ್ದರಿಂದ ಕೆಳಗಿನವರಿಗೂ ಅದು ಅಷ್ಟಾಗಿ ಬೇಕಿರಲಿಲ್ಲ.

ಹೀಗೆ ಒಂದು ಗೇಟು ಕಿತ್ತುಹೋದ ಉದಾಹರಣೆ ಅದೇ ಕೃಷ್ಣೆಯ ಮೇಲೆ ಮೂರು ವರ್ಷ ಹಿಂದೆ ಆಗಿತ್ತು. ಆಂಧ್ರದ ಪುಲಿಚಿಂತಲದಲ್ಲಿ 2021ರ ಆಗಸ್ಟ್ 5ರಂದು 16ನೇ ಗೇಟು ಕೊಚ್ಚಿಹೋಯಿತು. ಅಲ್ಲಿ ಸ್ಟಾಪ್‌ಲಾಗ್ ಇದ್ದು ಮಟ್ಟ ಇಳಿಸಿ ಕೆಲ ದಿನಗಳಲ್ಲೇ ಮುಚ್ಚಿದರು. ಅದು ಈಚೆಗೆ ಕಟ್ಟಿದ ಅಣೆಕಟ್ಟು. ಅಂಥದೇ ಸೋತಿರುವಾಗ 1953ರ ಗೇಟುಗಳನ್ನು ಕೂಡಲೇ ಬಿಚ್ಚಿ ನೋಡಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ಬಂದ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ಮುಂಗಾರಿನ ಮೊದಲು ಮತ್ತು ನಂತರ ತಪಾಸಣೆಯನ್ನು ಕಡ್ಡಾಯ ಮಾಡಿದೆ.

ಆಮೇಲೆ

ಆ ವರ್ಷ ಮಳೆ ಕೈಬಿಡಲಿಲ್ಲ. ಜಲಾಶಯ ಮತ್ತೆ ತುಂಬಿತು. ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಅರ್ಪಿಸಿದರು. ಅಕ್ಟೋಬರ್ ಒಳಗೆ ಮಲೆನಾಡಿನಿಂದ ಇನ್ನೊಂದು ಸುತ್ತು ನೀರು ಬರಬಹುದೆಂಬ ಭರವಸೆ ಆಗಸ್ಟ್‌ನಲ್ಲಿ ಇತ್ತು. ಇದೇ ಚೈನು ಅಕ್ಟೋಬರ್ ಕೊನೆಯಲ್ಲಿ ತುಂಡಾಗಿದ್ದರೆ ಆ ವರ್ಷದ ಲೆಕ್ಕ ಬೇರೆಯೇ ಆಗುತ್ತಿತ್ತು.

ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸುವಂತೆ ಹೇಳಿತು. ಗೇಟುಗಳ ಉಕ್ಕು ತುಕ್ಕು ತಿಂದು ತೆಳುವಾಗಿರುವುದು ಪರೀಕ್ಷೆಗಳಲ್ಲಿ ಕಂಡಿತು. 2025ರ ಮುಂಗಾರಿನಲ್ಲಿ ಸಂಗ್ರಹವನ್ನು 80 ಟಿಎಂಸಿಗೆ, ಅಂದರೆ 1,626 ಅಡಿ ಆಸುಪಾಸಿಗೆ ಮಿತಿಗೊಳಿಸಿದರು. ಇಪ್ಪತ್ತೈದು ಟಿಎಂಸಿ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ರಕ್ಷಣೆ ಎಷ್ಟೆಂದರೆ, ಗೇಟಿನ ಮೇಲಿನ ನೀರಿನ ಆಳ 20 ಅಡಿಯಿಂದ 13ಕ್ಕೆ ಇಳಿದು ಒತ್ತಡ 340 ಟನ್ನಿನಿಂದ ಸುಮಾರು 145ಕ್ಕೆ ಇಳಿಯುತ್ತದೆ. ಸಂಗ್ರಹದಲ್ಲಿ ನಾಲ್ಕರಲ್ಲೊಂದು ಭಾಗ ಕಡಿಮೆ, ಒತ್ತಡದಲ್ಲಿ ಅರ್ಧಕ್ಕಿಂತ ಹೆಚ್ಚು ಕಡಿತ. ಅಂಥ ಗೇಟುಗಳಿಟ್ಟುಕೊಂಡು ಇದು ವಿವೇಕದ ನಿರ್ಧಾರವೇ. ಗೇಟು ಬದಲಿಸಲು ಜಲಾಶಯವನ್ನು ಕ್ರೆಸ್ಟಿನ ಕೆಳಗೆ ಇಳಿಸಿಡಬೇಕಾದ್ದರಿಂದ ಎರಡನೇ ಬೆಳೆಗೆ ನೀರು ಕೊಡುವುದಿಲ್ಲವೆಂದು ತೀರ್ಮಾನವಾಯಿತು. ಡಿಸೆಂಬರ್‌ನಿಂದ ಹಳೆ ಗೇಟು ಕಳಚುವ ಕೆಲಸಕ್ಕೆ ಕೈಹಾಕಿದರು. ಒಂದು ಬೇಸಿಗೆಯ ಭತ್ತವನ್ನೇ ಕೈಬಿಟ್ಟು ರೈತರು ಈ ಬದಲಾವಣೆಯ ಬೆಲೆ ಕೊಟ್ಟಿದ್ದಾರೆ. ಕಾಲುವೆಯ ಕೊನೆಭಾಗದ ಮಾನ್ವಿ, ರಾಯಚೂರು ಕಡೆಯವರಿಗೆ ನೀರಿರುವ ವರ್ಷವೂ ಸರಿಯಾಗಿ ಮುಟ್ಟುವುದಿಲ್ಲ, ಅವರ ಪಾಲಿಗೆ ಇದು ಇನ್ನೂ ಭಾರ.

ಹೊಸ ಗೇಟು ಬಂದರೆ ಮೂಲ ಕೊರತೆ ತಾನಾಗಿ ನೀಗುವುದಿಲ್ಲ. ಗೇಟಿನ ಮುಂದೆ ತಡೆಹಲಗೆಗೆ ಗಾಡಿ ಇಲ್ಲದಿರುವ ತನಕ ಹೊಸ ಚೈನನ್ನೂ ಮಳೆಗಾಲದಲ್ಲಿ ಬಿಚ್ಚಿ ನೋಡಲು ಆಗದು. ಹಳೆ ಕಂಬದ ಕಲ್ಲು ಕೊರೆದು ಹೊಸ ಗಾಡಿ ಕೂರಿಸಬಹುದೇ ಎಂಬುದನ್ನು ಕಂಬದ ಬಲ ನೋಡಿ ನಿರ್ಧರಿಸಬೇಕು. ಆಗದಿದ್ದರೆ ಕಂಬದ ಮುಂಭಾಗದ ಮುಖಕ್ಕೆ ಒರಗಿ ನಿಲ್ಲುವ, ತೇಲಿಸಿ ತಂದು ಮುಳುಗಿಸುವ ತಡೆಬಾಗಿಲು ಇನ್ನೊಂದು ದಾರಿ. ಬೇರೆಡೆ ಹಳೆ ಅಣೆಕಟ್ಟುಗಳಲ್ಲಿ ಅದನ್ನು ಬಳಸುತ್ತಾರೆ. 2024ರ ಆಗಸ್ಟ್‌ನಲ್ಲಿ ಮಾಡಿದ ಐದು ಹಲಗೆಗಳನ್ನು ಗುಜರಿಗೆ ಹಾಕದೆ, ತುಕ್ಕು ತೆಗೆದು ಬಣ್ಣ ಬಳಿದು, ಸೀಲು ಹೊಸದು ಹಾಕಿ, ಎತ್ತುವ ಕೊಕ್ಕೆಗಳ ಸಮೇತ ಅಣೆಕಟ್ಟಿನ ಬಳಿಯೇ ಇಡಬೇಕು. 33 ಕಿಂಡಿಗಳ ಅಗಲ ಒಂದೇ ಆದ್ದರಿಂದ, ಹೊಸ ಗೇಟು ಕೂರಿಸುವಾಗಲೇ ಪ್ರತಿ ಗಾಡಿಯ ಒಳ ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆದು ಬರೆದಿಟ್ಟುಕೊಂಡರೆ ಆ ಹಲಗೆ ಯಾವ ಕಿಂಡಿಗೆ ಎಷ್ಟು ತಿದ್ದುಪಡಿಯೊಂದಿಗೆ ಇಳಿಯುತ್ತದೆಂದು ಮೊದಲೇ ತಿಳಿದಿರುತ್ತದೆ. ಕಿಂಡಿಗಳೆಲ್ಲ ಒಣಗಿ ನಿಂತಿರುವಾಗ ಈ ಅಳತೆಗೆ ಬೇಕಾಗುವುದು ಏಣಿ, ಟೇಪು ಮತ್ತು ಕೆಲವು ದಿನಗಳ ಕೆಲಸ.